ಬೈಗುಳಕ್ಕೆ ಒಂದು ಅಂಕ

ಐವತ್ತರ ದಶಕದ ಕೊನೆಯ ಹೊತ್ತಿಗೆ ನಾವು ಶಿಕಾರಿಪುರದ ಕೆಲವರು ಸಂತೆ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದೆವು. ಸಂತೆಯ ಮರುದಿನ ಅಲ್ಲಿ ಕೊಳೆತ ಸೊಪ್ಪು, ಸೆಗಣಿ, ಹರಿದ ಚೀಲ, ಎತ್ತಿನ ಗೊರಸಿನಿಂದ ಕಳಚಿಬಿದ್ದ ಮೊಳೆ ಎಲ್ಲ ಹರಡಿಕೊಂಡಿರುತ್ತಿತ್ತು. ಮೊದಲು ಗುಡಿಸಬೇಕು, ಮೊಳೆ ಆರಿಸಬೇಕು, ಆಮೇಲೆ ಬೂದಿಯಲ್ಲಿ ಗೆರೆ ಎಳೆಯಬೇಕು. ಮೊಳೆ ಆರಿಸುವ ಕೆಲಸವನ್ನು ಭಾಯಿ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಅವನೇ ಹೊಡೆದ ಮೊಳೆಗಳು.

ಭಾಯಿ ಎತ್ತುಗಳಿಗೆ ಲಾಳ ಕಟ್ಟುವವನು. ಅವನ ಅಪ್ಪನೂ ಅದೇ ಕೆಲಸ ಮಾಡಿಕೊಂಡಿದ್ದವನು. ಮೈದಾನದ ಪಕ್ಕದ ಹುಣಸೆಮರದ ಕೆಳಗೆ ಅವನ ಜಾಗ. ಅಂಜನಾಪುರದ ಕಡೆಯಿಂದ ಭತ್ತ, ಕಬ್ಬು ಹೇರಿಕೊಂಡು ಬರುವ ಗಾಡಿಗಳು ಅಲ್ಲಿ ನಿಲ್ಲುತ್ತಿದ್ದವು. ಎತ್ತಿನ ಕಾಲಿಗೆ ಹಗ್ಗ ಸುತ್ತಿ, ಹೆಗಲು ಕೊಟ್ಟು, ಅದು ಮಲಗಿತು ಅನ್ನುವುದು ನಮಗೆ ತಿಳಿಯುವುದರೊಳಗೆ ಅದನ್ನು ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿಬಿಡುತ್ತಿದ್ದ. ಆಮೇಲೆ ಗೊರಸು ಕೆತ್ತಿ ಲಾಳ ಇಟ್ಟು ಮೊಳೆ ಹೊಡೆಯುವವರೆಗೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. "ಸುಮ್ನಿರೊ ಮುಂಡೇದೆ, ನಿನ್ನ ಕಾಲಿಗೇ ಮಾಡ್ತಿರೋದು. ಇಲ್ಲಿ ನೋಡು ಮುಂಡೇದೆ, ಗೊರಸು ಹೆಂಗೆ ಸವೆಸ್ಕೊಂಡು ಬಂದೀಯ. ಆಯ್ತು, ಆಯ್ತು ಮುಂಡೇದೆ, ಇನ್ನೊಂದೇ ಮೊಳೆ." ಆ ಮಾತಿನಲ್ಲಿ ಸಿಟ್ಟು ಇರುತ್ತಿರಲಿಲ್ಲ. ಎತ್ತಿನ ಕಿವಿ ಸವರುತ್ತ ಹೇಳುವ ಮಾತು ಅದು. ಮನೆಯಲ್ಲಿ ತನ್ನ ಪುಟ್ಟ ಮಗಳಿಗೂ ಕನ್ನಡದಲ್ಲಿ ಮಾತಾಡುವಾಗ ಹಾಗೇ ಅನ್ನುತ್ತಿದ್ದ.

ಅವನು ನಮಗಿಂತ ನಾಲ್ಕಾರು ವರ್ಷ ದೊಡ್ಡವನು, ಮದುವೆಯಾದವನು. ನಮ್ಮಲ್ಲಿ ಹೆಚ್ಚಿನವರು ಹೈಸ್ಕೂಲು ಮುಗಿಸಿ ಅಲ್ಲಿ ಇಲ್ಲಿ ಕೆಲಸಕ್ಕೆ ಸೇರಿಕೊಂಡವರು. ನಾನು ದೊಡ್ಡಪ್ಪನ ಅಕ್ಕಿ ಗಿರಣಿಯಲ್ಲಿ ಚೀಲ ತೂಗಿಸುತ್ತಿದ್ದೆ. ಕಬಡ್ಡಿಯಲ್ಲಿ ಎಡ ಮೂಲೆ ಭಾಯಿಯದು, ಅವನ ಪಕ್ಕ ನಾನು. ಎದುರಾಳಿ ಗೆರೆ ದಾಟಿ ಬಂದಾಗ ನಾವಿಬ್ಬರೂ ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತಿದ್ದೆವು. ಅವನ ಅಂಗೈ ಇಕ್ಕಳದ ಹಾಗೆ ಹಿಡಿಯುತ್ತಿತ್ತು. ಅವನು ಕಾಲು ಹಿಡಿದ ಮೇಲೆ ತಪ್ಪಿಸಿಕೊಂಡು ಹೋದವರನ್ನು ನಾನು ಹೆಚ್ಚು ನೋಡಿಲ್ಲ.

ಸೊರಬದಲ್ಲಿ ವರ್ಷಕ್ಕೊಮ್ಮೆ ಸುತ್ತಿನ ಊರುಗಳ ತಂಡಗಳಿಗೆ ಪಂದ್ಯ ನಡೆಯುತ್ತಿತ್ತು. ಹಿಂದಿನ ವರ್ಷ ಅಲ್ಲೊಂದು ಅನಾಹುತ ಆಗಿತ್ತು. ಒಬ್ಬ ಆಟಗಾರ ಇನ್ನೊಬ್ಬನಿಗೆ ತಾಯಿಯನ್ನು ಹಿಡಿದು ಬೈದ. ಬೈಸಿಕೊಂಡವನ ಊರಿನವರು ಮೈದಾನಕ್ಕೆ ನುಗ್ಗಿದರು. ಬೇಲಿಯ ಗೂಟಗಳು ಕಿತ್ತುಬಂದವು. ಆಟಕ್ಕೂ ಜಗಳಕ್ಕೂ ಸಂಬಂಧವೇ ಇಲ್ಲದ, ನೋಡಲು ಬಂದಿದ್ದ ಒಬ್ಬನಿಗೆ ಒಂದು ಕಣ್ಣು ಹೋಯಿತು. ನಾವು ಆಗ ಅಲ್ಲೇ ಇದ್ದೆವು. ಅವನು ಮುಖ ಮುಚ್ಚಿಕೊಂಡು ಕೂತದ್ದನ್ನೂ ಬೆರಳ ಸಂದಿನಿಂದ ರಕ್ತ ಇಳಿದದ್ದನ್ನೂ ಕಂಡಿದ್ದೆವು.

ಹಾಗಾಗಿ ಈ ವರ್ಷ ಪಂದ್ಯ ನಡೆಸಲು ಅಪ್ಪಣೆಯೇ ಸಿಗುವುದಿಲ್ಲ ಅಂದುಕೊಂಡಿದ್ದೆವು. ಕೊನೆಗೆ ಒಂದು ಕರಾರಿನ ಮೇಲೆ ಸಿಕ್ಕಿತು. ಮೈದಾನದಲ್ಲಿ ಯಾರೂ ಕೆಟ್ಟ ಮಾತು ಆಡಕೂಡದು. ಮೊದಲನೇ ಸಲ ಆಡಿದರೆ ಎದುರು ತಂಡಕ್ಕೆ ಒಂದು ಅಂಕ. ಅದೇ ಮನುಷ್ಯ ಎರಡನೇ ಸಲ ಆಡಿದರೆ ಇನ್ನೊಂದು ಅಂಕ, ಜೊತೆಗೆ ಅವನು ಹೊರಗೆ. ಅವನ ಬದಲು ಬೇರೆಯವನನ್ನು ಇಳಿಸುವ ಹಾಗಿಲ್ಲ.

ಈ ಸುದ್ದಿಯನ್ನು ನಮಗೆ ತಂದವರು ಡ್ರಿಲ್ ಮೇಷ್ಟ್ರು. ಹೈಸ್ಕೂಲಿಗೆ ಹೊಸದಾಗಿ ವರ್ಗವಾಗಿ ಬಂದಿದ್ದವರು, ಸಂಜೆ ನಮಗೂ ಆಟ ಹೇಳಿಕೊಡುತ್ತಿದ್ದರು. ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಹಿಂದೆ ಕೈಕಟ್ಟಿ ನಿಲ್ಲುವ ಅಭ್ಯಾಸ. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ನಿಯಮ ಹೇಳಿದರು. ಯಾವುದು ಕೆಟ್ಟ ಮಾತು, ಯಾವುದು ಅಲ್ಲ ಅನ್ನುವ ಪ್ರಶ್ನೆ ಎದ್ದಿತು.

"ಕತ್ತೆ ಅನ್ನಬಹುದಾ ಸಾರ್?" ಒಬ್ಬ ಕೇಳಿದ.

"ನಿನ್ನ ಪಾಡಿಗೆ ನೀನು ಅಂದುಕೋ. ಎದುರಿನವನ ಕಡೆ ನೋಡಿಕೊಂಡು ಅನ್ನಬೇಡ."

"ಬಡ್ಡಿಮಗ?"

"ಕೂಡದು."

"ಮುಂಡೇದು?" ಅಂತ ಇನ್ನೊಬ್ಬ ಕೇಳಿ, ಭಾಯಿಯ ಕಡೆ ನೋಡಿದ. ಎಲ್ಲರೂ ನಕ್ಕರು.

ಮೇಷ್ಟ್ರು ನಗಲಿಲ್ಲ. "ಅದು ಗಂಡ ಸತ್ತ ಹೆಂಗಸನ್ನು ಹೀಯಾಳಿಸುವ ಮಾತು. ನಿಮ್ಮ ನಿಮ್ಮ ಮನೆಗಳಲ್ಲಿ ಅಂಥವರು ಯಾರೂ ಇಲ್ಲವಾ?" ಅಂದರು.

ನಾನು ತಲೆ ಬಗ್ಗಿಸಿದೆ. ನನ್ನ ಅಪ್ಪ ನಾನು ಅಂಗಿ ಗುಂಡಿ ಹಾಕಿಕೊಳ್ಳಲು ಕಲಿಯುವ ಮುಂಚೆಯೇ ವಿಷಮಜ್ವರದಲ್ಲಿ ತೀರಿಕೊಂಡಿದ್ದರು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ನಗು ಅಲ್ಲಿಗೇ ನಿಂತಿತು. ಭಾಯಿ ಮೆಲ್ಲಗೆ, "ಸಾರ್, ನಾನು ಅದನ್ನ ದನಕ್ಕೆ ಅನ್ನೋದು. ಸಿಟ್ಟಿನಾಗೆ ಮನುಷ್ಯರಿಗೆ ಅಂದಿದ್ದಿಲ್ಲ," ಅಂದ. ಆಮೇಲೆ ಯೋಚಿಸಿ, "ಕಾಲು ಎಡವಿದ್ರೆ ಕಾಲಿಗೂ ಅಂತೀನಿ," ಅಂದ.

"ಅಲ್ಲಿ ಯಾವುದಕ್ಕೂ ಅನ್ನಬೇಡ," ಅಂದರು ಮೇಷ್ಟ್ರು.

ಅಂದಿನಿಂದ ಯಾರಾದರೂ ಒಬ್ಬರು ಬೈದರೆ ಇಡೀ ತಂಡ ಬಸ್ಕಿ ಹೊಡೆಯಬೇಕು ಅಂತ ಆಯಿತು. ಹೆಚ್ಚು ಕಡಿಮೆ ಎಲ್ಲ ಬಸ್ಕಿಯೂ ಭಾಯಿಯ ಲೆಕ್ಕದ್ದೇ. ಹಿಡಿತ ತಪ್ಪಿದರೆ ಆ ಮಾತು, ಮಂಡಿ ತರಚಿದರೆ ಆ ಮಾತು, ಒಳ್ಳೆಯ ಹಿಡಿತ ಸಿಕ್ಕಿ ಖುಷಿಯಾದರೂ ಆ ಮಾತೇ. ಬಾಯಿಂದ ಬಿದ್ದ ಕೂಡಲೇ ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮೊದಮೊದಲು ನಮಗೆ ಅದು ತಮಾಷೆಯಾಗಿತ್ತು. ತೊಡೆ ನೋಯತೊಡಗಿದ ಮೇಲೆ ಒಬ್ಬಿಬ್ಬರು ಗೊಣಗಿದರು. ತನ್ನಿಂದ ಬೇರೆಯವರಿಗೆ ಶಿಕ್ಷೆ ಆಗುತ್ತದೆ ಅನ್ನುವುದು ಅವನನ್ನು ಬಹಳ ಚುಚ್ಚಿತು. "ನಂದು ನಾನೇ ಹೊಡೀತೀನಿ ಸಾರ್, ಇವರನ್ನ ಬಿಡ್ರಿ," ಅಂತ ಕೇಳಿಕೊಂಡ. ಮೇಷ್ಟ್ರು ಒಪ್ಪಲಿಲ್ಲ.

ಕೆಲವು ದಿನಗಳಾದ ಮೇಲೆ ಅವನು ಒಂದು ಉಪಾಯ ಕಂಡುಕೊಂಡ. ಮಾತು ಬರುತ್ತದೆ ಅನ್ನಿಸಿದಾಗ ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದುಬಿಡುವುದು. ತುಟಿಯ ಮೇಲೆ ಗಾಯ ಆಗಿ ಹೆಪ್ಪುಗಟ್ಟಿತು. ಆದರೆ ಬಸ್ಕಿ ಕಡಿಮೆಯಾಯಿತು. ಹುಣಸೆಮರದ ಕೆಳಗೂ ಅದನ್ನೇ ಅಭ್ಯಾಸ ಮಾಡಿದ. ಗಾಡಿ ಹೊಡೆಯುವವರು ಆಶ್ಚರ್ಯಪಟ್ಟರು. ಒಬ್ಬ ಮುದುಕ, "ಏನ್ ಸಾಬ್ರೆ, ಎತ್ತಿನ ಜೊತೆ ಮಾತು ಬಿಟ್ರಾ?" ಅಂತ ಕೇಳಿದ. ಭಾಯಿ ಬಾಯಲ್ಲಿ ಮೊಳೆ ಇಟ್ಟುಕೊಂಡು ತಲೆಯಾಡಿಸಿದ. ಅವನ ಮಾತಿಲ್ಲದೆ ಎತ್ತುಗಳು ಹೆಚ್ಚು ಒದ್ದಾಡುತ್ತಿದ್ದವು ಅಂತ ನನಗೆ ಅನ್ನಿಸಿದೆ. ನಿಜವೋ ಅಲ್ಲವೋ.

ಆ ದಿನಗಳಲ್ಲೇ ಒಂದು ಸಂಜೆ ನಾನು ತೊಡೆ ಹಿಡಿದುಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿ ಅವ್ವ ಕೇಳಿದಳು. ಅವಳು ಹಿತ್ತಿಲ ಕಡೆಯ ಜಗಲಿಯಲ್ಲಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ನಿಯಮದ ವಿಷಯ ಹೇಳಿದೆ.

"ಯಾವ ಮಾತು?" ಅಂದಳು.

ನಾನು ತೊಡೆ ನೀವಿಕೊಂಡೆ.

"ಹೇಳೊ ತಮ್ಮ. ನನ್ನ ಕಿವಿಗೆ ಹೊಸ ಮಾತು ಅಂತ ಯಾವುದೈತೆ?"

ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಸೊರಬದಾಗೆ ಅಂದ್ರೆ ದಂಡ ಹಾಕ್ತಾರೆ. ಈ ಮನೆಯಾಗೆ ಅಂದ್ರೆ ಯಾರು ಹಾಕ್ತಾರೆ?" ಅಂದಳು.

ಅಪ್ಪ ತೀರಿಕೊಂಡ ಮೇಲೆ ನಾವು ದೊಡ್ಡಪ್ಪನ ಮನೆಯಲ್ಲೇ ಇದ್ದೆವು. ಅವರು ಅವ್ವನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಭಾಯಿ ಎತ್ತಿಗೆ ಅನ್ನುತ್ತಿದ್ದ ಮಾತೇ, ಆದರೆ ಕಿವಿ ಸವರುವ ಕೈ ಅದರ ಹಿಂದೆ ಇರಲಿಲ್ಲ. ಎಮ್ಮೆ ಹಾಲು ಕಡಿಮೆ ಕೊಟ್ಟರೂ, ಒಲೆ ಹೊಗೆಯಾಡಿದರೂ ಅದೇ ಮಾತು ಅವಳ ತಲೆಯ ಮೇಲೆ ಬೀಳುತ್ತಿತ್ತು. ಅವಳು ಅದಕ್ಕೆ ಓಗೊಟ್ಟು ಹೋಗುತ್ತಿದ್ದಳು. ನಾನೂ ಅದನ್ನು ಕೇಳುತ್ತಲೇ ಬೆಳೆದವನು.

ಸೊರಬಕ್ಕೆ ನಾವು ಹೋದದ್ದು ಶಿರಾಳಕೊಪ್ಪದ ಮೇಲೆ ಹೋಗುವ ಬೆಳಗಿನ ಬಸ್ಸಿನಲ್ಲಿ. ಮೈದಾನದ ಸುತ್ತ ಈ ಸಲ ಹಗ್ಗ ಕಟ್ಟಿದ್ದರು. ಇಬ್ಬರು ಪೊಲೀಸರೂ ಇದ್ದರು. ತೀರ್ಪುಗಾರರು ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಒಬ್ಬರು, ಆಡುವ ಯಾವ ಊರಿಗೂ ಸಂಬಂಧ ಇಲ್ಲದವರು. ಆಟ ಶುರುವಾಗುವ ಮುಂಚೆ ಎಲ್ಲ ತಂಡಗಳನ್ನೂ ನಿಲ್ಲಿಸಿ ನಿಯಮವನ್ನು ಗಟ್ಟಿಯಾಗಿ ಹೇಳಿದರು. ಮೊದಲನೇ ಸಾಲಿನ ಬೆಂಚಿನ ಮೇಲೆ ಕಣ್ಣು ಕಳೆದುಕೊಂಡ ಆ ಮನುಷ್ಯ ಕೂತಿದ್ದ. ಅವನನ್ನು ಯಾರೋ ಮರ್ಯಾದೆಗೆ ಅಂತ ಕರೆದು ಕೂರಿಸಿದ್ದರು. ಅವನು ಒಂದೇ ಕಡೆ ತಲೆ ತಿರುಗಿಸಿಕೊಂಡು ಆಟ ನೋಡುತ್ತಿದ್ದ.

ಮಧ್ಯಾಹ್ನದವರೆಗೆ ನಾವು ಎರಡು ತಂಡಗಳನ್ನು ಸೋಲಿಸಿದೆವು. ಭಾಯಿಯ ಬಾಯಿಂದ ಒಂದು ಮಾತೂ ಬೀಳಲಿಲ್ಲ. ಸಂಜೆಯ ಕೊನೆಯ ಆಟ ಸೊರಬದವರ ಮೇಲೆ. ಅವರ ಕಡೆ ಒಬ್ಬ ಭಾರಿ ಆಳಿದ್ದ. ಉದ್ದ ಕಾಲು, ಉಸಿರೂ ಉದ್ದ. ಅವನು ಒಳಗೆ ಬಂದರೆ ನಮ್ಮವರು ಹಿಂದಿನ ಗೆರೆಗೆ ಅಂಟಿಕೊಳ್ಳುತ್ತಿದ್ದರು.

ಮೊದಲರ್ಧ ಮುಗಿಯುವ ಹೊತ್ತಿಗೆ ಅವನು ನಮ್ಮ ಮೂಲೆಗೆ ಬಂದ. ಭಾಯಿ ಕಾಲಿಗೆ ಹಾರಿದ. ಮಣ್ಣು ಸಡಿಲವಿದ್ದು ಪಾದ ಜಾರಿತು. ಆಳು ತಪ್ಪಿಸಿಕೊಂಡು ಹೋದ. ಭಾಯಿ ತನ್ನ ಬಲಗಾಲನ್ನು ನೋಡಿ, "ಥೂ, ಮುಂಡೇದೆ," ಅಂದುಬಿಟ್ಟ.

ಸೀಟಿ ಕೂಗಿತು. ತೀರ್ಪುಗಾರರು ಅವನ ಕಡೆ ಕೈ ತೋರಿಸಿ ಸೊರಬದವರಿಗೆ ಅಂಕ ಕೊಟ್ಟರು. ಹಗ್ಗದ ಆಚೆ ನಗುವಿನ ಅಲೆ ಎದ್ದಿತು. ನಾನು ಮುಂದೆ ಹೋಗಿ, "ಅವನು ತನ್ನ ಕಾಲಿಗೆ ಅಂದಿದ್ದು ಸಾರ್, ಆಟಗಾರನಿಗಲ್ಲ," ಅಂದೆ.

"ಯಾರಿಗೆ ಅಂದ ಅಂತ ನಾನು ಕೇಳಲಿಲ್ಲ. ಮಾತು ನನ್ನ ಕಿವಿಗೆ ಬಿತ್ತು, ಅಷ್ಟೇ," ಅಂದರು ಅವರು. ಅವರ ದನಿಯಲ್ಲಿ ಗಡಸು ಇರಲಿಲ್ಲ. ಬೆಂಚಿನ ಕಡೆ ಒಮ್ಮೆ ನೋಡಿ, "ಹೋಗಿ ನಿಮ್ಮ ಜಾಗಕ್ಕೆ," ಅಂದರು.

ಅರ್ಧ ಬಿಡುವಿನಲ್ಲಿ ಮೇಷ್ಟ್ರು ಭಾಯಿಯ ಎರಡೂ ಭುಜ ಹಿಡಿದು ನಿಂತರು. ನಮ್ಮ ಬಳಿ ಎಡ ಮೂಲೆಗೆ ಬೇರೆ ಆಳು ಇರಲಿಲ್ಲ. ಇನ್ನೊಂದು ಮಾತು ಬಿದ್ದರೆ ಅವನು ಹೊರಗೆ, ಆ ಮೂಲೆ ಬಯಲು. "ನೋಡು, ಇನ್ನು ಸತ್ತರೂ ಬಾಯಿ ಬಿಡಬೇಡ. ತಿಳಿಯಿತಾ? ಸತ್ತರೂ," ಅಂದರು. ಭಾಯಿ ತಲೆಯಾಡಿಸಿದ. ತುಟಿಯನ್ನು ಆಗಲೇ ಕಚ್ಚಿಕೊಂಡಿದ್ದ.

ಎರಡನೇ ಅರ್ಧದಲ್ಲಿ ನಾವು ಸಮಸಮ ಬಂದೆವು. ಮುಗಿಯಲು ಸ್ವಲ್ಪ ಹೊತ್ತಿರುವಾಗ ಆ ಆಳು ಮತ್ತೆ ನಮ್ಮ ಮೂಲೆಗೆ ಬಂದ. ಭಾಯಿ ಈ ಸಲ ಜಾರಲಿಲ್ಲ. ಬಲಗೈಯಿಂದ ಅವನ ಹಿಮ್ಮಡಿ ಸುತ್ತಿ ಹಿಡಿದ. ಆಳು ಮುಂದಕ್ಕೆ ಬಿದ್ದು ನಡುಗೆರೆಯ ಕಡೆ ತೆವಳತೊಡಗಿದ. ಅವನ ಸೊಂಟದ ಮೇಲೆ ನಾನು, ಬೆನ್ನ ಮೇಲೆ ನಮ್ಮವರು ಇನ್ನಿಬ್ಬರು. ಭಾಯಿಯ ತೋಳು ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಆಳು ಕಾಲು ಕಿತ್ತುಕೊಳ್ಳಲು ಇಡೀ ಮೈ ಹೊರಳಿಸಿದ. ನಾವೆಲ್ಲ ಅವನ ಜೊತೆಗೇ ಹೊರಳಿದೆವು. ನನ್ನ ಮುಖದ ಹತ್ತಿರವೇ ಭಾಯಿಯ ಮುಖ ಇತ್ತು. ಅವನ ಕಣ್ಣು ದೊಡ್ಡದಾದದ್ದನ್ನು ಕಂಡೆ. ತುಟಿಯಿಂದ ರಕ್ತ ಬಂದು ಹಲ್ಲು ಕೆಂಪಾಯಿತು. ಗಂಟಲಲ್ಲಿ ಒಂದು ಸದ್ದು ಬಂತು, ಬಾಯಿ ಮಾತ್ರ ತೆರೆಯಲಿಲ್ಲ. ಯಾರಿಗಾದರೂ ಪೆಟ್ಟಾದರೆ "ಅಯ್ಯೋ" ಅನ್ನುತ್ತಾರೆ, ಮೇಲಿದ್ದವರು ಇಳಿಯುತ್ತಾರೆ. ಅವನು ಏನೂ ಅನ್ನಲಿಲ್ಲ, ಹಾಗಾಗಿ ಯಾರೂ ಇಳಿಯಲಿಲ್ಲ. ಆಳಿನ ಉಸಿರು ಮುಗಿಯುವವರೆಗೆ ನಾವು ಅವನನ್ನು ಅದುಮಿ ಹಿಡಿದೆವು.

ಅಂಕ ನಮ್ಮದಾಯಿತು. ಎಲ್ಲರೂ ಎದ್ದರು. ಭಾಯಿ ಎಲ್ಲರಿಗಿಂತ ಕೊನೆಗೆ ಎದ್ದು ತನ್ನ ಮೂಲೆಗೆ ಹೋಗಿ ನಿಂತ. ಮುಂದಿನ ಆಳು ಒಳಗೆ ಬಂದಾಗ ನಾನು ಅಭ್ಯಾಸದಂತೆ ಅವನ ಕೈ ಹಿಡಿಯಲು ಹೋದೆ. ಅವನು ಎಡಗೈ ಕೊಟ್ಟ. ಬಲಗೈ ಪಕ್ಕದಲ್ಲಿ ತೂಗುತ್ತಿತ್ತು, ಮೊಣಕೈ ಇರಬೇಕಾದ ಕಡೆ ಇರಲಿಲ್ಲ.

"ಭಾಯಿ, ಕೈಗೆ ಏನಾಯ್ತು?" ಅಂದೆ.

ಅವನು ತಲೆ ಅಲ್ಲಾಡಿಸಿದ.

"ಹೊರಗೆ ಹೋಗು. ನಾನು ಹೇಳ್ತೀನಿ."

ಮತ್ತೆ ತಲೆ ಅಲ್ಲಾಡಿಸಿದ, ಜೋರಾಗಿ. ಆಳು ನಮ್ಮ ಹತ್ತಿರ ಬಂದು ಕೈ ಬೀಸಿದ, ನಾವು ಹಿಂದೆ ಸರಿದೆವು. ಇನ್ನೂ ಒಂದೆರಡು ದಾಳಿ ಹಾಗೇ ಕಳೆದವು. ನಾವು ಒಂದೇ ಅಂಕದಿಂದ ಮುಂದಿದ್ದೆವು.

ಕೊನೆಯ ಉದ್ದ ಸೀಟಿ ಕೇಳಿಸಿತು. ನಮ್ಮವರು ಕುಣಿಯುತ್ತ ಓಡಿಬಂದರು. ಒಬ್ಬ ಭಾಯಿಯನ್ನು ಅಪ್ಪಿಕೊಂಡು ಎತ್ತಿದ. ಆಗ ಅವನ ಬಾಯಿ ತೆರೆಯಿತು. ಅಷ್ಟು ಹೊತ್ತು ಹಿಡಿದಿದ್ದದ್ದೆಲ್ಲ ಹೊರಗೆ ಬಂತು. ಆ ಮಾತು ಒಂದು ಸಲವಲ್ಲ, ಮತ್ತೆ ಮತ್ತೆ, ಅಳುತ್ತ, ಮಂಡಿಯೂರಿ, ನೆಲವನ್ನು ನೋಡುತ್ತ. ಯಾರನ್ನೂ ನೋಡಿ ಅಂದದ್ದಲ್ಲ. ಆದರೆ ಹಗ್ಗದ ಆಚೆಯ ಜನಕ್ಕೂ ಕೇಳಿಸಿತು.

ಸೊರಬದವರ ಕಡೆಯ ಕೆಲವರು ತೀರ್ಪುಗಾರರ ಹತ್ತಿರ ಹೋದರು. ಆಟ ಮುಗಿದಿದೆ ಅಂತ ನಮ್ಮ ಮೇಷ್ಟ್ರು ವಾದಿಸಿದರು. ಎರಡೂ ತಂಡ ಸಾಲಾಗಿ ನಿಂತು ಕೈಕುಲುಕಿ ಅಂಕಣ ಬಿಡುವವರೆಗೆ ಆಟ ಮುಗಿದಂತಲ್ಲ ಅಂತ ಸೊರಬದವರು ಹೇಳಿದರು. ಪಂದ್ಯ ನಡೆಸುವವರು ಒಂದು ಕಡೆ ಗುಂಪಾಗಿ ನಿಂತು ಮಾತಾಡಿದರು. ಬೆಂಚಿನ ಮೇಲಿದ್ದ ಆ ಒಕ್ಕಣ್ಣಿನವನು ಮಾತ್ರ, "ಆ ಮನುಷ್ಯನ ಕೈ ನೋಡ್ರಿ ಮೊದಲು," ಅಂದದ್ದು ನನಗೆ ಕೇಳಿಸಿತು. ನಡೆಸುವವರ ಮಾತು ನಿಲ್ಲಲಿಲ್ಲ. ಕೊನೆಗೆ ತೀರ್ಪುಗಾರರು ಬಂದು, ನಿಯಮದ ಪ್ರಕಾರ ಎದುರು ತಂಡಕ್ಕೆ ಒಂದು ಅಂಕ, ಆಟಗಾರ ಹೊರಗೆ ಅಂದರು. ಅಲ್ಲಿಗೆ ಸಮ ಆಯಿತು. ಸ್ವಲ್ಪ ಹೊತ್ತು ಹೆಚ್ಚಿಗೆ ಆಡಿಸಿ ತೀರ್ಮಾನ ಮಾಡುವುದು ಅಂತಾಯಿತು.

ಮೇಷ್ಟ್ರು ಭಾಯಿಯ ಕೈಯನ್ನು ತಮ್ಮ ಟವೆಲಿನಲ್ಲಿ ಕೊರಳಿಗೆ ಕಟ್ಟಿ, ನನ್ನ ಜಾಗಕ್ಕೆ ಬದಲಿ ಆಟಗಾರನನ್ನು ಇಳಿಸಿ, "ಇವನ ಜೊತೆ ನೀನು ಹೋಗು," ಅಂದರು. ನಾವು ಹಗ್ಗ ದಾಟಿ ಹೊರಗೆ ಬಂದೆವು. ಬೆನ್ನ ಹಿಂದೆ ಆಟ ಶುರುವಾದ ಗದ್ದಲ ಕೇಳುತ್ತಿತ್ತು. ಜನ ನಮಗೆ ದಾರಿ ಬಿಟ್ಟರು, ಕಣ್ಣು ಮಾತ್ರ ಅಂಕಣದ ಮೇಲೆಯೇ.

ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ, ಹಳ್ಳಿಗಳ ಕಡೆ ಹೋಗಿದ್ದರು. ಕಂಪೌಂಡರು ಒಂದು ಹಲಗೆ ಇಟ್ಟು ಬಟ್ಟೆ ಸುತ್ತಿ, "ಇದು ನನ್ನಿಂದ ಆಗೋದಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ," ಅಂದರು. ಆ ಹೊತ್ತಿಗೆ ಶಿವಮೊಗ್ಗಕ್ಕೆ ಬಸ್ಸಿರಲಿಲ್ಲ. ಜಡೆಗೆ ಇತ್ತು. ಜಡೆಯ ಆಚೆ ಒಂದು ಹಳ್ಳಿಯಲ್ಲಿ ಎಲುಬು ಕಟ್ಟುವ ಅಜ್ಜ ಇದ್ದಾನೆ, ಎತ್ತಿಗೂ ಮನುಷ್ಯರಿಗೂ ಕಟ್ಟುತ್ತಾನೆ ಅಂತ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದವರು ಹೇಳಿದರು. ಭಾಯಿಯ ಮುಖ ಬಿಳಿಚಿಕೊಂಡಿತ್ತು. ಬೆಳಗಿನವರೆಗೆ ಕಾಯುವ ಸ್ಥಿತಿ ಅಲ್ಲ ಅಂತ ನನಗೆ ಅನ್ನಿಸಿತು. "ಅಲ್ಲಿಗೇ ಹೋಗಣ," ಅಂತ ಅವನೂ ಅಂದ.

ಅಜ್ಜ ಅವನನ್ನು ಚಾಪೆಯ ಮೇಲೆ ಮಲಗಿಸಿ, ಮೊಣಕೈಯನ್ನು ಬೆರಳಿನಿಂದ ತಡವಿ ನೋಡಿದ. ಬಿಸಿ ಎಣ್ಣೆ ಹಚ್ಚಿದ. ನನ್ನನ್ನು ಭುಜ ಒತ್ತಿ ಹಿಡಿಯಲು ಹೇಳಿ, ತಾನು ಮುಂಗೈ ಹಿಡಿದು ಎಳೆದ. ಭಾಯಿಯ ಮೈ ಚಾಪೆಯಿಂದ ಎದ್ದು ಬಿತ್ತು. ಬಾಯಿ ಮುಚ್ಚಿಯೇ ಇತ್ತು.

"ಬೈಯೋ ಮಾರಾಯ, ಬೈ. ನನ್ನ ಹತ್ರ ಬಂದೋರೆಲ್ಲ ನನ್ನ ವಂಶವನ್ನೇ ಬೈದು ಹೋಗಿದ್ದಾರೆ. ಬೈದರೆ ಸ್ವಲ್ಪ ಹಗುರ ಆಗ್ತದೆ," ಅಂದ ಅಜ್ಜ.

ಭಾಯಿ ಗೋಡೆಯ ಕಡೆ ಮುಖ ತಿರುಗಿಸಿದ. ಅಜ್ಜ ಮತ್ತೆ ಎಳೆದ. ನಾನೂ, "ಇಲ್ಲಿ ಯಾರೂ ಸೀಟಿ ಊದಲ್ಲ ಭಾಯಿ," ಅಂದೆ. ಅವನು ಕಣ್ಣು ಮುಚ್ಚಿಕೊಂಡ. ಹೊಸದಾಗಿ ಕಚ್ಚಿಕೊಂಡಿದ್ದ ತುಟಿಯಿಂದ ಗದ್ದಕ್ಕೆ ರಕ್ತ ಹರಿಯುತ್ತಿತ್ತು. ಅಜ್ಜ ಸೊಪ್ಪಿನ ಪಟ್ಟು ಹಾಕಿ, ಬಿದಿರಿನ ಕಡ್ಡಿ ಕಟ್ಟಿ, ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು, "ಹೊಡೆತ ಬಿದ್ದ ಮೇಲೂ ಎಳೆದಾಡಿದ್ದಾನೆ. ಗಂಟು ಸೇರೋದು ಅನುಮಾನ," ಅಂತ ಪಿಸುಗುಟ್ಟಿದ.

ನಮ್ಮ ತಂಡ ಸೋತದ್ದು ನನಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ.

ಅಜ್ಜ ಹೇಳಿದಂತೆಯೇ ಆಯಿತು. ಕಟ್ಟು ಬಿಚ್ಚಿದಾಗ ಕೈ ಮೊಣಕೈಯಲ್ಲಿ ಮಡಚಿಕೊಂಡೇ ಉಳಿಯಿತು. ಶಿವಮೊಗ್ಗದ ಆಸ್ಪತ್ರೆಗೂ ಹೋಗಿಬಂದ. ತಡವಾಯಿತು ಅಂದರಂತೆ. ಬೆರಳು ಅಲ್ಲಾಡುತ್ತಿದ್ದವು, ಸುತ್ತಿಗೆ ಹಿಡಿಯುವ ಬಲ ಇರಲಿಲ್ಲ. ಒಂದೇ ಕೈಯಲ್ಲಿ ಎತ್ತನ್ನು ಕೆಡವಲು ಆಗುವುದಿಲ್ಲ. ಕೆಲವು ದಿನ ಹೆಂಡತಿಯ ತಮ್ಮನನ್ನು ಕೂಡಿಸಿಕೊಂಡು ನೋಡಿದ. ಆ ಹುಡುಗನಿಗೆ ಎತ್ತು ಅಂದರೆ ಭಯ. ಒಂದು ಎತ್ತು ಹಗ್ಗ ಹರಿದುಕೊಂಡು ಅವನ ತೊಡೆಗೆ ಒದ್ದಿತು. ಆಮೇಲೆ ಅವನೂ ಬರಲಿಲ್ಲ. ಗಾಡಿಗಳು ನಿಧಾನವಾಗಿ ಶಿರಾಳಕೊಪ್ಪದ ಕಡೆ ಹೋಗಿ ಲಾಳ ಕಟ್ಟಿಸಿಕೊಂಡು ಬರತೊಡಗಿದವು.

ಒಂದು ದಿನ ನಾನು ಹುಣಸೆಮರದ ಕೆಳಗೆ ಅವನ ಜೊತೆ ಕೂತಿದ್ದಾಗ ಡ್ರಿಲ್ ಮೇಷ್ಟ್ರು ಬಂದರು. ಸೈಕಲ್ಲು ಹಿಡಿದುಕೊಂಡೇ ನಿಂತರು. ಭಾಯಿ ಎದ್ದು ತಾನು ಕೂತಿದ್ದ ಮಣೆ ಸರಿಸಿದ. ಅವರು ಕೂರಲಿಲ್ಲ.

"ಪೆಟ್ಟಾದ ಕೂಡಲೇ ಯಾಕೆ ಹೇಳಲಿಲ್ಲ? ಆಟ ನಿಲ್ಲಿಸಬಹುದಿತ್ತಲ್ಲ," ಅಂದರು.

"ನೀವೇ ಹೇಳಿದ್ರಲ್ಲ ಸಾರ್, ಸತ್ತರೂ ಬಾಯಿ ಬಿಡಬ್ಯಾಡ ಅಂತ," ಅಂದ ಭಾಯಿ. ಆಕ್ಷೇಪಣೆಯ ದನಿಯಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಮೇಷ್ಟ್ರು ಸೈಕಲ್ಲು ತಿರುಗಿಸಿದರು. ತಳ್ಳಿಕೊಂಡೇ ಹೋದರು, ಹತ್ತಲಿಲ್ಲ. ಆಮೇಲೆ ಅವರು ಸಂಜೆ ಮೈದಾನಕ್ಕೆ ಬರುವುದು ಕಡಿಮೆಯಾಯಿತು. ನಮ್ಮ ಆಟವೂ ನಿಂತಹಾಗೇ ಆಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ಅವರಿಗೆ ಬೇರೆ ಕಡೆಗೆ ವರ್ಗವಾಯಿತು.

ಆ ಬೇಸಿಗೆಗೆ ಮುಂಚೆ ನಮ್ಮ ಮನೆಯಲ್ಲೂ ಒಂದು ಸಂಗತಿ ನಡೆಯಿತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ದೊಡ್ಡಪ್ಪನಿಗೆ ಪಂದ್ಯದ ಕಥೆ ಬಹಳ ಇಷ್ಟವಾಗಿತ್ತು. ಗಿರಣಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅವತ್ತೂ ಯಾರೋ ನೆಂಟರಿಗೆ ಹೇಳುತ್ತಿದ್ದರು. "ಒಂದು ಬೈಗುಳಕ್ಕೆ ಒಂದು ಅಂಕ ಅಂತೆ. ಹಂಗಾದ್ರೆ ನಾನು ಈ ಮನೆಯಾಗೆ ಎಷ್ಟು ಅಂಕ ಕಳ್ಕೊಂಡೀನೊ," ಅಂದರು. ನೆಂಟರು ನಕ್ಕರು. ಹಾಗೆ ನಗುತ್ತಲೇ ದೊಡ್ಡಪ್ಪ ಅಡುಗೆಮನೆಯ ಕಡೆ ತಿರುಗಿ, "ಮುಂಡೇದೆ, ಮಜ್ಜಿಗೆ ತಾ," ಅಂದರು.

"ದೊಡ್ಡಪ್ಪ, ಅವ್ವನ್ನ ಹಂಗೆ ಕರೀಬ್ಯಾಡ್ರಿ," ಅಂದೆ.

ಮೊದಲೇ ಯೋಚಿಸಿದ್ದ ಮಾತಲ್ಲ. ನೆಂಟರ ಕೈ ಬಾಯಿಯ ಹತ್ತಿರವೇ ನಿಂತಿತು. ದೊಡ್ಡಪ್ಪ ನನ್ನನ್ನು ನೋಡಿದರು. ಅವ್ವ ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಯಾರ ಅನ್ನ ಉಣ್ತಿದೀಯ ನೀನು?" ಅಂದರು ದೊಡ್ಡಪ್ಪ.

"ನಿಮ್ಮದೇ."

"ಹಂಗಾದ್ರೆ ಏಳು."

ಎದ್ದೆ. ಮರುದಿನ ಗಿರಣಿಗೆ ಹೋದರೆ ತಕ್ಕಡಿಯ ಹತ್ತಿರ ಬೇರೆ ಹುಡುಗ ನಿಂತಿದ್ದ. ವಾರದೊಳಗೆ ನಾನೂ ಅವ್ವನೂ ಕೆರೆಯ ಕೆಳಗಿನ ಕೇರಿಯಲ್ಲಿ ಒಂದು ಕೋಣೆ ಹಿಡಿದೆವು. ಮನೆ ಬಿಡುವಾಗ ಅವ್ವ ದೊಡ್ಡಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಒಲೆ ಊದುತ್ತ ಹೇಳಿದಳು.

"ನೀನು ಯಾಕ ಬಾಯಿ ಹಾಕಿದೆ? ನಾನೇನು ಕೇಳಿದ್ನಾ ನಿನ್ನ?"

"ಅವತ್ತು ನೀನೇ ಅಂದೆಯಲ್ಲ, ಇಲ್ಲಿ ಯಾರು ದಂಡ ಹಾಕ್ತಾರೆ ಅಂತ."

"ಅಂದೆ. ಅನ್ನೋದು ಬ್ಯಾರೆ. ಆ ಮಾತು ಕೇಳಿಸ್ಕೊಂಡು ಇಷ್ಟು ವರ್ಷ ಒಂದು ಸೂರಿನ ಕೆಳಗೆ ಇದ್ದೆ. ನಿನ್ನನ್ನ ಓದಿಸ್ದೆ. ಈಗ ಮರ್ಯಾದೆ ಐತೆ, ಸೂರಿಲ್ಲ." ಹೊಗೆಗೆ ಕಣ್ಣು ಒರೆಸಿಕೊಂಡಳು. "ದಂಡ ಬಿದ್ದದ್ದು ಯಾರಿಗೆ ನೋಡು," ಅಂದಳು.

ಅವ್ವ ನಾಲ್ಕು ಮನೆಗಳಲ್ಲಿ ರೊಟ್ಟಿ ಬಡಿದುಕೊಡುವ ಕೆಲಸ ಹಿಡಿದಳು. ನಾನು ಅಂಜನಾಪುರದ ಕಾಲುವೆ ಕೆಲಸದ ಕಡೆ ಕೂಲಿಗಳ ಮೇಸ್ತ್ರಿಯ ಕೈಕೆಳಗೆ ಸೇರಿಕೊಂಡೆ. ದೊಡ್ಡಪ್ಪ ಆಮೇಲೆ ಯಾವ ಮದುವೆ ಮುಂಜಿಯಲ್ಲೂ ನಮ್ಮನ್ನು ಮಾತಾಡಿಸಲಿಲ್ಲ. ಅವ್ವನಿಗೆ ಆ ಮನೆಯ ಹಿತ್ತಿಲ ಜಗಲಿಯ ಮೇಲೆ ಒಂದು ಬಗೆಯ ಮೋಹ ಇತ್ತು. ಅದರ ಮುಂದೆ ಹಾದುಹೋಗುವಾಗ ನಡಿಗೆ ನಿಧಾನ ಮಾಡುತ್ತಿದ್ದಳು, ಒಳಗೆ ಮಾತ್ರ ನೋಡುತ್ತಿರಲಿಲ್ಲ.

ಭಾಯಿಯನ್ನು ನಾನು ಕೊನೆಯ ಸಲ ನೋಡಿದ್ದು ಕಾಲುವೆಯ ದಾರಿಯಲ್ಲಿ. ಅವನು ಆಗ ಹಳ್ಳಿಗಳ ಮೇಲೆ ಹೋಗಿ ಹಳೇ ಚೀಲ, ಹಳೇ ಕಬ್ಬಿಣ ಕೊಂಡುತರುವ ಕೆಲಸ ಮಾಡುತ್ತಿದ್ದ. ಹೆಂಡತಿ ಬೀಡಿ ಸುತ್ತುತ್ತಿದ್ದಳು. ಸೈಕಲ್ಲಿನ ಹಿಂದೆ ಚೀಲಗಳ ಹೊರೆ ಇತ್ತು. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಬರುತ್ತಿದ್ದ. ನಾವು ದಂಡೆಯ ಮೇಲೆ ಕೂತೆವು. ಅವನು ಬಹಳ ಕಡಿಮೆ ಮಾತಾಡುವವನಾಗಿದ್ದ. ತುಟಿಯ ಮೇಲೆ ಗಾಯದ ಗೆರೆ ಬೆಳ್ಳಗೆ ಉಳಿದಿತ್ತು.

ಭದ್ರಾವತಿಯಲ್ಲಿ ಹೆಂಡತಿಯ ಕಡೆಯವರಿದ್ದಾರೆ, ಅಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೂರುವ ಕೆಲಸ ಕೊಡಿಸುತ್ತಾರಂತೆ, ಹೋಗುತ್ತೇವೆ ಅಂದ. ಸುತ್ತಿಗೆ, ಗೊರಸು ಕೆತ್ತುವ ಉಳಿ ಎಲ್ಲ ಮಾರಿಬಿಟ್ಟಿದ್ದ.

ಆಮೇಲೆ ಅವನಾಗೇ ಹೇಳಿದ. "ಅವತ್ತು ನಾನು ಯಾರಿಗೂ ಬೈಲಿಲ್ಲಪ್ಪ. ಒಳಗೆ ಇತ್ತು, ಹೊರಗೆ ಬಂತು, ಅಷ್ಟೇ."

"ಗೊತ್ತು ಭಾಯಿ," ಅಂದೆ.

"ನಿಮ್ಮವ್ವಂಗೆ ಅದು ಬ್ಯಾಸರ ಆಗಿರಬೇಕು, ಆ ಮಾತು."

"ನೀನು ಅಂದದ್ದಕ್ಕೆ ಆಗಿಲ್ಲ."

ಅವನು ಅದನ್ನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು, ಸೈಕಲ್ಲನ್ನು ದಂಡೆಯಿಂದ ದಾರಿಗೆ ಇಳಿಸಲು ಹೋದ. ಹೊರೆ ಒಂದು ಕಡೆಗೆ ವಾಲಿತು. ನಾನು ಹಿಂದಿನಿಂದ ಹಿಡಿದು ನಿಲ್ಲಿಸಿ, ಹಗ್ಗ ಬಿಗಿದು ಕಟ್ಟಿಕೊಟ್ಟೆ. ಅವನು ಊರಿನ ಕಡೆ ಹೊರಟ. ನನಗೆ ಇನ್ನೂ ಕೆಲಸ ಇತ್ತು, ಕೂಲಿಯವರು ಕಾಯುತ್ತಿದ್ದರು.